ಪರಿಚಿತ ಧ್ವನಿ

ಅಕ್ಕನ ದನಿಯೇ ಆಗಿದ್ದರೆ ಇಷ್ಟು ಮೆತ್ತಗೆ ಇರುತ್ತಿರಲಿಲ್ಲ. ಅಕ್ಕ ಮನೆಯಲ್ಲಿ ಮಾತಾಡಿದರೆ ಕೆಳಗಿನ ಮಹಡಿಯವರು ಉತ್ತರ ಕೊಡಬೇಕು, ಅಷ್ಟು ಜೋರು. ಇದು ಯಾರೋ ಬೇರೆ ಹೆಂಗಸು. ಆದರೆ ಮಾತು ಶುರುಮಾಡುವ ಮುಂಚೆ ಲೊಚಗುಟ್ಟುವ ಅಕ್ಕನ ಅಭ್ಯಾಸ ಬೇರೆ ಹೆಂಗಸಿಗೆ ಯಾಕೆ ಇರಬೇಕು? ಇರಬಾರದು ಅಂತೇನೂ ಇಲ್ಲ. ಲೊಚಗುಟ್ಟುವುದನ್ನು ಯಾರೂ ಗುತ್ತಿಗೆಗೆ ತೆಗೆದುಕೊಂಡಿಲ್ಲ. ಅವನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಅದೇ ತುಣುಕನ್ನು ನಾಲ್ಕನೇ ಸಲ ಕೇಳಿದ.

"ಮೈನಾ, ನೀನು ನನ್ನ ತಮ್ಮ ಅಂದ್ಕೋ," ಎಂದಿತು ಹೆಂಗಸಿನ ದನಿ.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ," ಎಂದಿತು ಯಂತ್ರ.

"ಅವನೂ ಹಾಗೇ ಅನ್ನೋದು."

ಆಮೇಲೆ ಆರು ಸೆಕೆಂಡು ಮೌನ. ಮೌನದ ಕೊನೆಗೆ ಎಲ್ಲೋ ಹಿಂದೆ ಒಂದು ಬಾಗಿಲು ನೆಲಕ್ಕೆ ಉಜ್ಜಿಕೊಂಡು ಬಂದು ಮುಕ್ಕಾಲು ದಾರಿಯಲ್ಲಿ ನಿಂತ ಸದ್ದು. ಆ ಸದ್ದು ಬಂದ ಮೇಲೆ ಅನುಮಾನಪಡುವುದಕ್ಕೆ ಏನೂ ಉಳಿಯಲಿಲ್ಲ. ಅದು ಅಕ್ಕ ಮತ್ತು ಭಾವ ಮಲಗುವ ಕೋಣೆಯ ಬಾಗಿಲು. ಎರಡು ವರ್ಷದ ಹಿಂದೆ ತೇವಕ್ಕೆ ಊದಿಕೊಂಡಿತ್ತು, ಅಂದಿನಿಂದ ಪೂರ್ತಿ ಮುಚ್ಚಿಲ್ಲ. ಭಾವ ಲಿಫ್ಟ್ ಮೆಕ್ಯಾನಿಕ್. ಊರಿನಲ್ಲಿರುವ ಲಿಫ್ಟುಗಳ ಬಾಗಿಲೆಲ್ಲ ಅವನ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತವೆ. ಮನೆಯ ಬಾಗಿಲಿಗೆ ಮಾತ್ರ ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಅವನು ತುಣುಕಿನ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿದ. ಕೊನೆಗೆ 'ಮೌನ, ಆರು ಸೆಕೆಂಡು' ಎಂದು ಹಾಕಿದ. ಅದು ಅವನ ಉದ್ಯೋಗ.

ಮೈನಾ ಎಂದರೆ ಅಂಗೈಯಗಲದ ಒಂದು ಗುಂಡು ಪೆಟ್ಟಿಗೆ. ಹೆಸರು ಹಿಡಿದು ಕರೆದರೆ ಎಚ್ಚರಾಗುತ್ತದೆ, ಗಂಟೆ ಹೇಳುತ್ತದೆ, ಹಾಡು ಹಾಕುತ್ತದೆ, ಮಳೆ ಬರುತ್ತದೋ ಇಲ್ಲವೋ ಎಂದು ಊಹಿಸುತ್ತದೆ. ಅದಕ್ಕೆ ಅರ್ಥವಾದ ಮಾತಿಗೆ ಅದೇ ಉತ್ತರ ಕೊಡುತ್ತದೆ. ಅರ್ಥವಾಗದ ಮಾತುಗಳು ತುಣುಕುತುಣುಕಾಗಿ ಒಂದು ಕಟ್ಟಡದ ನಾಲ್ಕನೇ ಮಹಡಿಗೆ ಬರುತ್ತವೆ. ಅಲ್ಲಿ ಅವನ ಭಾಷೆಯವರು ಆರು ಜನ ಹೆಡ್‌ಫೋನ್ ಹಾಕಿಕೊಂಡು ಕೂತು, ಕೇಳಿದ್ದನ್ನು ಬರೆದು, ಯಂತ್ರಕ್ಕೆ ಬುದ್ಧಿ ಕಲಿಸುತ್ತಾರೆ. ಒಂದು ದನಿಯನ್ನು ಒಬ್ಬ ಸರಿಯಾಗಿ ಬರೆದರೆ ಆ ದನಿಯ ಮುಂದಿನ ತುಣುಕುಗಳೆಲ್ಲ ಅವನಿಗೇ ಬರುವ ಏರ್ಪಾಡು. 'ಒಂದು ದನಿಗೆ ಒಂದು ಕಿವಿ' ಎಂದು ಗೋಡೆಯ ಮೇಲೆ ಬರೆದಿದ್ದರು. ಬೇರೆಯವರು ಮೌನ ಬಂದರೆ ಓಡಿಸಿಬಿಡುತ್ತಿದ್ದರು. ತತ್ತ್ವಶಾಸ್ತ್ರದಲ್ಲಿ ಪದವಿ ಮಾಡಿದ ಅವನು ಮಾತ್ರ ಅದನ್ನು ಪೂರ್ತಿ ಕೇಳುತ್ತಿದ್ದ. ಕಳೆದ ವರ್ಷ 'ಮೌನ ಗುರುತಿಸುವಿಕೆಯಲ್ಲಿ ಉತ್ತಮ ಸಾಧನೆ' ಎಂಬ ಪ್ರಮಾಣಪತ್ರ ಅವನಿಗೆ ಬಂದಿತ್ತು. ಅದನ್ನು ಅವನು ಮನೆಯಲ್ಲಿ ತೋರಿಸಿರಲಿಲ್ಲ. ಕೆಲಸಕ್ಕೆ ಸೇರುವಾಗ, ಮಾಡುವ ಕೆಲಸ ಏನೆಂದು ಮನೆಯವರಿಗೂ ಹೇಳಕೂಡದು ಎಂಬ ಕಾಗದಕ್ಕೆ ಸಹಿ ಹಾಕಿದ್ದ.

"ಡಾಟಾ ಕೆಲಸ ಅಂದ್ರೆ ಏನೋ?" ಎಂದು ಭಾವ ಆಗ ಕೇಳಿದ್ದ.

"ಬಂದದ್ದನ್ನ ಬರ್ಕೊಳ್ಳೋದು."

"ಗುಮಾಸ್ತ ಅನ್ನು. ಅದಕ್ಕೆ ತತ್ತ್ವಶಾಸ್ತ್ರ ಬೇರೆ ಓದ್ಬೇಕಿತ್ತಾ?"

ಅಕ್ಕನ ಮನೆಯಲ್ಲಿರುವ ಮೈನಾವನ್ನು ತಂದವನೂ ಅವನೇ. ಸೇರಿದ ದಿನ ಎಲ್ಲರಿಗೂ ಒಂದೊಂದು ಉಡುಗೊರೆ ಕೊಟ್ಟಿದ್ದರು. ಅದನ್ನು ಹಜಾರದ ಕಪಾಟಿನ ಮೇಲೆ ಇಟ್ಟು, 'ಸೇವೆಯನ್ನು ಉತ್ತಮಗೊಳಿಸಲು ಸಹಕರಿಸುತ್ತೇನೆ' ಎಂಬ ಚೌಕಕ್ಕೆ ಗುರುತು ಹಾಕಿದವನೂ ಅವನೇ. ಚೌಕ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ.

ಪರದೆಯ ಬಲಮೂಲೆಯಲ್ಲಿ ಒಂದು ಕೆಂಪು ಗುಂಡಿ ಇತ್ತು. ಅದರ ಹೆಸರು 'ಪರಿಚಿತ ಧ್ವನಿ'. ಗೊತ್ತಿರುವವರ ದನಿ ಕಿವಿಗೆ ಬಿದ್ದರೆ ಅದನ್ನು ಒತ್ತಬೇಕು. ಒತ್ತಿದರೆ ಮೂರು ಪುಟದ ಅರ್ಜಿ ಬರುತ್ತದೆ: ಆ ವ್ಯಕ್ತಿಯ ಹೆಸರು, ವಿಳಾಸ, ನಿಮಗೆ ಏನಾಗಬೇಕು, ಅವರು ಸಾಮಾನ್ಯವಾಗಿ ಯಾವ ವಿಷಯ ಮಾತಾಡುತ್ತಾರೆ. ಎಲ್ಲವನ್ನೂ ತುಂಬಿದ ಮೇಲೆ, ಆ ವ್ಯಕ್ತಿಯ ಗೋಪ್ಯತೆಯನ್ನು ಕಾಪಾಡುವ ಸಲುವಾಗಿ, ತುಣುಕನ್ನು ಪಕ್ಕದ ಮೇಜಿನವನಿಗೆ ಕೊಡುತ್ತಾರೆ.

ಪಕ್ಕದ ಮೇಜಿನವನಿಗೆ ಆಫೀಸಿನಲ್ಲಿ ರೇಡಿಯೋ ಎಂದೇ ಹೆಸರು.

"ಏನ್ ಗುರೂ, ಒಂದೇ ತುಣುಕು ನಾಲ್ಕು ಸಲ?" ಎಂದ ರೇಡಿಯೋ ಕುರ್ಚಿ ಹೊರಳಿಸಿ. "ರಸವತ್ತಾಗಿದ್ರೆ ಈ ಕಡೆಗೂ ಸ್ವಲ್ಪ ದಾಟಿಸಪ್ಪ. ನಂದೊಂದು ಮುದುಕ ದಂಪತಿ, ಬೆಳಗ್ಗಿಂದ ಕನ್ನಡಕ ಹುಡುಕ್ತಾ ಇದಾರೆ. ನಂಗೇ ಗೊತ್ತಾಗೋಯ್ತು ಅದು ಎಲ್ಲಿದೆ ಅಂತ, ಹೇಳೋ ಹಾಗಿಲ್ಲ."

"ಏನಿಲ್ಲ. ಬಾಗಿಲ ಸದ್ದು," ಎಂದ ಅವನು. ಕೆಂಪು ಗುಂಡಿಯನ್ನು ಒತ್ತಲಿಲ್ಲ.

ಅಕ್ಕನಿಗೆ ಕಣ್ಣಾಸ್ಪತ್ರೆಯೊಂದರ ಸ್ವಾಗತದ ಮೇಜಿನಲ್ಲಿ ಬೆಳಗಿನ ಪಾಳಿ. ಎರಡು ಗಂಟೆಗೆ ಮನೆಗೆ ಬರುತ್ತಾಳೆ. ಭಾವನೂ ಅವನೂ ಬರುವುದು ಸಂಜೆಗೆ. ನಡುವಿನ ನಾಲ್ಕು ತಾಸು ಮನೆಯಲ್ಲಿ ಅವಳು ಮತ್ತು ಮೈನಾ. ತಮ್ಮನಾದ ಅವನು ಆ ಮನೆಗೆ ಬಂದು ಆರು ವರ್ಷವಾಗಿತ್ತು. ಕೆಲಸ ಸಿಗುವವರೆಗೆ ಎಂದು ಬಂದಿದ್ದ, ಕೆಲಸ ಸಿಕ್ಕ ಮೇಲೆ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಬೀದಿಯ ಕಡೆಗೆ ಕಿಟಕಿ ಇರುವ, ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವ, ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಆ ಮನೆಯಲ್ಲಿ ಒಂದೇ ಒಂದು, ಅದು ಅವನದಾಗಿತ್ತು.

ಮಂಗಳವಾರ ಬಂದ ತುಣುಕು ಹೀಗಿತ್ತು.

"ಮೈನಾ, ಕೇಳಿಲ್ಲಿ. ಹೊಲಿಗೆ ಮಿಷನ್ ತಗೋಬೇಕು ಅಂತಿದೀನಿ ಕಣೋ, ಇಡೋಕೆ ಜಾಗ ಇಲ್ಲ, ನಿನ್ ರೂಮು..."

"ಹೊಲಿಗೆ ಯಂತ್ರಗಳನ್ನು ಹುಡುಕಲೇ?"

"ಬೇಡಮ್ಮಾ ತಾಯಿ. ನಂಗೆ ಹೊಲಿಯೋಕೇ ಬರಲ್ಲ. ಅವನಿಗೂ ಅದು ಗೊತ್ತು."

ಬುಧವಾರ: "ಮೈನಾ. ನೋಡೋ, ನಿನ್ ರೂಮಿನ ಗಾರೆ ಉದುರ್ತಾ ಇದೆ, ಯಾವತ್ತು ತಲೆ ಮೇಲೆ ಬೀಳತ್ತೋ ಏನೋ, ನೀನು ಬೇರೆ ಎಲ್ಲಾದ್ರೂ... ಥೂ, ಆಗಲ್ಲ. ಸುಣ್ಣ ಬಳಿಸಿ ಇನ್ನೂ ವರ್ಷ ಆಗಿಲ್ಲ."

ಅಕ್ಕ ತನ್ನನ್ನು ಮನೆ ಬಿಡಿಸುವ ಮಾತನ್ನು ಅಭ್ಯಾಸ ಮಾಡುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಅದನ್ನು ಅವಳು ಯಂತ್ರದ ಮುಂದೆ ಆಡುತ್ತಿದ್ದದ್ದು ಅದು ಯಾರಿಗೂ ಹೇಳುವುದಿಲ್ಲ ಎಂಬ ಧೈರ್ಯದಿಂದ. ಯಂತ್ರ ಅರ್ಥವಾಗಲಿಲ್ಲ ಎಂದು ಅದನ್ನು ನೇರವಾಗಿ ತಂದು ಅವನ ಕಿವಿಗೇ ಹಾಕುತ್ತಿತ್ತು. ಅವನು ಬೆರಳಚ್ಚು ತಪ್ಪಿಲ್ಲದೆ ಬರೆದುಕೊಂಡ. ಆ ಸಂಜೆ ತನ್ನ ಕೋಣೆಯಲ್ಲಿ ಮಲಗಿ ಸ್ವಲ್ಪ ಹೊತ್ತು ಛಾವಣಿ ನೋಡಿದ. ಗಾರೆ ಗಟ್ಟಿಯಾಗಿತ್ತು.

ಊಟದ ಹೊತ್ತಿಗೆ ಅಕ್ಕ ತಟ್ಟೆಯ ಅಂಚನ್ನು ಬೆರಳಿನಿಂದ ತಿರುಗಿಸುತ್ತ, "ಏನೋ, ನಿನ್ ರೂಮಲ್ಲಿ..." ಎಂದಳು.

ಅವನ ಕೈ ನಿಂತಿತು. "ಏನಕ್ಕಾ?"

ಮೌನ, ಮೂರು ಸೆಕೆಂಡು.

"ಫ್ಯಾನ್ ಆಫ್ ಮಾಡಿದ್ಯಾ?"

"ಮಾಡಿದೀನಿ."

"ಮಾಡಿದ್ರೆ ಸರಿ."

ನೀನು ಏನು ಹೇಳಬೇಕೆಂದಿದ್ದೀಯೋ ನನಗೆ ಗೊತ್ತು ಎಂದರೆ, ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಗೊತ್ತಿಲ್ಲ ಎಂದುಕೊಂಡೇ ಕೂತರೆ ಅವಳು ಇನ್ನೂ ಒಂದು ತಿಂಗಳು ಯಂತ್ರದ ಮುಂದೆ ನಿಂತು ಸುಳ್ಳು ಕಾರಣ ಹುಡುಕುತ್ತಾಳೆ. ಅವನಿಗೆ ಮನೆ ಬಿಡುವುದು ಅಷ್ಟು ಕಷ್ಟ ಅನ್ನಿಸಲಿಲ್ಲ. ಯಾಕೆ ಬಿಡಬೇಕು ಎಂಬುದು ಗೊತ್ತಾಗದೇ ಬಿಡುವುದು ಕಷ್ಟ ಅನ್ನಿಸಿತು. ತಾನೇನು ತಪ್ಪು ಮಾಡಿದ್ದೇನೆ? ಆರು ವರ್ಷದಲ್ಲಿ ಜೋರಾಗಿ ಬಾಗಿಲು ಹಾಕಿದ್ದೂ ಇಲ್ಲ. ಅವನು ಅವಳ ಬಾಯಿಂದಲೇ ಬರಲಿ ಎಂದು ಕಾದ. ಕಾಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಗುರುವಾರ ಬಂದದ್ದು ಚಿಕ್ಕ ತುಣುಕು. "ಮೈನಾ... ಅಲ್ಲ, ನೀನು ಇದನ್ನೆಲ್ಲ ಯಾರಿಗಾದ್ರೂ ಹೇಳ್ತೀಯೇನೇ?" ಯಂತ್ರ ಕ್ಷಮೆ ಕೇಳಿತು. ಅಕ್ಕ, "ಬೇಡ ಬಿಡು," ಎಂದಳು. ಶುಕ್ರವಾರ ಏನೂ ಬರಲಿಲ್ಲ.

ಅದೇ ಶುಕ್ರವಾರ ಮೇಲ್ವಿಚಾರಕಿ ಅವನನ್ನು ಕರೆದಳು. ಮೈನಾ ಮನೆಯ ಮಾತನ್ನೆಲ್ಲ ಕದ್ದು ಕೇಳುತ್ತದೆ ಎಂಬ ಗುಲ್ಲು ಎದ್ದಿದೆಯಂತೆ. ಅದಕ್ಕೆ ಕಂಪನಿ ವಸತಿ ಕಟ್ಟಡಗಳಲ್ಲಿ ಜನಜಾಗೃತಿ ಸಭೆ ಮಾಡುತ್ತದೆ, ನಿಮ್ಮ ಕಟ್ಟಡದಲ್ಲಿ ನೀವೇ ಮಾತಾಡಿ ಎಂದಳು.

"ನಾನು ಅಷ್ಟಾಗಿ ಮಾತಾಡಲ್ಲ ಮೇಡಂ."

"ಅದಕ್ಕೇ ನಿಮ್ಮನ್ನ ಆರಿಸಿದ್ದು. ಕಾಗದದಲ್ಲಿ ಇರೋದಷ್ಟೇ ಓದ್ಬಿಡಿ."

ಭಾನುವಾರ ಬೆಳಿಗ್ಗೆ ಕಟ್ಟಡದ ಕೆಳಗಿನ ಕೊಠಡಿಯಲ್ಲಿ ಟೇಬಲ್ ಟೆನಿಸ್ ಮೇಜನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಇಪ್ಪತ್ತು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ, ಆಸ್ಪತ್ರೆಗೆ ಹೋಗುವಾಗಿನ ಹಾಗೆ ತಲೆ ಬಾಚಿಕೊಂಡು ಕೂತಿದ್ದಳು. ತಮ್ಮ ಮೈಕ್ ಹಿಡಿದು ನಿಂತದ್ದು ಅವಳಿಗೆ ಹೆಮ್ಮೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಭಾವ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಮೈಕ್ ಕೊಟ್ರೆ ಮಾತಾಡ್ತಾನೆ ಅಂತ ಗೊತ್ತಿದ್ರೆ ಮನೇಲೂ ಒಂದು ಮೈಕ್ ಇಡ್ತಿದ್ದೆ."

ಅವನು ಕಾಗದ ಓದಿದ. ಗ್ರಾಹಕರ ಗೋಪ್ಯತೆಯೇ ಕಂಪನಿಯ ಉಸಿರು. ಯಂತ್ರ ಕರೆದರೆ ಮಾತ್ರ ಕೇಳುತ್ತದೆ. ಗುಣಮಟ್ಟದ ದೃಷ್ಟಿಯಿಂದ ಅತ್ಯಲ್ಪ ಭಾಗವನ್ನು ಪರಿಶೀಲಿಸಲಾಗಬಹುದು.

ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರರು ಕೈ ಎತ್ತಿದರು. "ಪರಿಶೀಲಿಸಲಾಗಬಹುದು ಅಂದ್ರಲ್ಲ, ಯಾರು ಪರಿಶೀಲಿಸೋರು?"

ಅವನು ಕಾಗದ ನೋಡಿದ. ಅಲ್ಲಿ ಆ ಪ್ರಶ್ನೆ ಇರಲಿಲ್ಲ. "ಅದು ವ್ಯವಸ್ಥೆ," ಎಂದ.

"ವ್ಯವಸ್ಥೆಗೆ ಕಿವಿ ಇರತ್ತಾ?" ಎಂದರು ಹೆಡ್‌ಮಾಸ್ತರರು. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಅಕ್ಕ ಕೈ ಎತ್ತಿದಳು. ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಕೇಳುವ ದನಿಯಲ್ಲಿ, ಜೋರಾಗಿ, ಸ್ಪಷ್ಟವಾಗಿ ಕೇಳಿದಳು: "ಸುತ್ತುಬಳಸು ಬೇಡ ಕಣೋ. ನಾವು ಅದರ ಮುಂದೆ ಆಡಿದ ಮಾತು, ಮನುಷ್ಯರು ಅನ್ನೋರು ಯಾರಾದ್ರೂ ಕೂತು ಕೇಳ್ತಾರಾ, ಇಲ್ವಾ? ಅಷ್ಟು ಹೇಳು."

ಅವಳ ಕಣ್ಣು ಅವನ ಮೇಲಿತ್ತು. ಸಹಿ ಹಾಕಿದ ಕಾಗದ ಅವನಿಗೆ ನೆನಪಾಯಿತು, ಆದರೆ ಅವನು ಹೆದರಿದ್ದು ಅದಕ್ಕಲ್ಲ. ಹೌದು ಎಂದರೆ ಮುಂದಿನ ಪ್ರಶ್ನೆ ಯಾರು ಎಂದೇ ಬರುತ್ತದೆ. ಮೈಕಿನಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ನಾಲ್ಕು ಸೆಕೆಂಡು.

"ಯಾರೂ ಇಲ್ಲ," ಎಂದ.

ಅಕ್ಕ ಸಮಾಧಾನದಿಂದ ಹಿಂದಕ್ಕೆ ಒರಗಿ ಕೂತಳು. ಹೆಡ್‌ಮಾಸ್ತರರ ಕಡೆ ತಿರುಗಿ, "ನಮ್ಮ ತಮ್ಮ ಅಲ್ಲೇ ಕೆಲಸ ಮಾಡೋದು ಸಾರ್, ಅವನಿಗೆ ಗೊತ್ತಿರಲ್ವಾ?" ಎಂದಳು.

ಸೋಮವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ ಒಂದು ಉದ್ದನೆಯ ತುಣುಕು ಬಂತು.

"ಮೈನಾ. ಯಾರೂ ಕೇಳಲ್ವಂತೆ ಕಣೇ. ತಮ್ಮನೇ ಹೇಳ್ದ." ಲೊಚಗುಟ್ಟಿದ ಸದ್ದು. "ಹಾಗಾದ್ರೆ ಹೇಳ್ತೀನಿ ಕೇಳು. ನಂಗೆ ಮಿಷನ್ನೂ ಬೇಡ, ಎಂಥದೂ ಬೇಡ. ಬಾಗಿಲು ಹಾಕ್ಕೊಂಡು ಒಬ್ಳೇ ಕೂತ್ಕೋಬೇಕು, ಅಷ್ಟೇ. ಚಿಕ್ಕಂದಿನಲ್ಲಿ ಇವನ ಜೊತೆ ಒಂದೇ ರೂಮು. ಮದುವೆ ಆದ್ಮೇಲೆ ಇವರ ಜೊತೆ. ಆ ಬಾಗಿಲೋ, ಮುಚ್ಚೋದೇ ಇಲ್ಲ. ಆಸ್ಪತ್ರೇಲಿ ಬೆಳಗ್ಗಿಂದ ಬಂದೋರೆಲ್ಲ ನನ್ನ ಮುಖಾನೇ ನೋಡ್ತಾರೆ. ನಲವತ್ತೊಂದು ವರ್ಷ ಆಯ್ತು, ನಾನು ಅಳಬೇಕು ಅಂದ್ರೂ ಬಚ್ಚಲಿಗೆ ಹೋಗಬೇಕು, ನಗಬೇಕು ಅಂದ್ರೂ ಅಲ್ಲಿಗೇ. ಆ ಹಸಿರು ಕುರ್ಚಿ ಇದೆಯಲ್ಲ, ಅದನ್ನ ಅವನ ರೂಮಿನ ಕಿಟಕಿ ಹತ್ರ ಹಾಕ್ಕೊಂಡು, ಚಿಲಕ ಹಾಕಿ, ಸುಮ್ನೆ ಕೂರಬೇಕು. ಏನೂ ಮಾಡಲ್ಲ. ಇದಕ್ಕೋಸ್ಕರ ಒಡಹುಟ್ಟಿದೋನ್ನ ಆಚೆ ಹೋಗು ಅಂತಾರಾ ಯಾರಾದ್ರೂ? ಅವನೇನು ತಪ್ಪು ಮಾಡಿದಾನೆ, ಪಾಪ."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

"ಆಗದೇ ಇರೋದೇ ಒಳ್ಳೇದು ಬಿಡು."

ಮೌನ, ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡಿನಲ್ಲಿ ಅವಳು ಅತ್ತಳೋ, ನಕ್ಕಳೋ, ಸುಮ್ಮನೆ ನಿಂತಿದ್ದಳೋ ಹೇಳಲು ಬರುವಂತಿರಲಿಲ್ಲ. ಅವನು ಎರಡನೇ ಸಲ ಕೇಳಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿ ಒಂದು ತುಣುಕನ್ನು ಒಂದೇ ಸಲ ಕೇಳಿ ಬರೆದ.

ಬರೆದ ಮೇಲೆ ಪ್ರತಿ ತುಣುಕಿಗೂ ಒಂದು ವಿಷಯ ನಮೂದಿಸಬೇಕು. ಪಟ್ಟಿಯಲ್ಲಿ ಹವಾಮಾನ, ಸಂಗೀತ, ಆರೋಗ್ಯ, ಪೀಠೋಪಕರಣ ಎಂದು ಮೂವತ್ತು ಬಾಬತ್ತುಗಳಿದ್ದವು. ಒಬ್ಬಳೇ ಕೂರಬೇಕು ಎಂಬುದಕ್ಕೆ ಯಾವ ಬಾಬತ್ತೂ ಇರಲಿಲ್ಲ. ಕೊನೆಯಲ್ಲಿ 'ಇತರೆ' ಇತ್ತು. ಆದರೆ 'ಇತರೆ' ಎಂದು ಗುರುತಿಸಿದ ತುಣುಕನ್ನು ಇನ್ನೊಬ್ಬರು ಕೇಳಿ ಒಪ್ಪಬೇಕು ಎಂಬ ನಿಯಮ. ಇನ್ನೊಬ್ಬರು ಎಂದರೆ ರೇಡಿಯೋ. ಅವನು ತುಣುಕಿನಲ್ಲಿದ್ದ ಹಸಿರು ಕುರ್ಚಿಯನ್ನು ನೆನೆದು 'ಪೀಠೋಪಕರಣ' ಎಂದು ಗುರುತು ಹಾಕಿ ಕಳಿಸಿಬಿಟ್ಟ. ಅಕ್ಕನ ಮಾತು ಇನ್ನೊಂದು ಕಿವಿಗೆ ಬೀಳದ ಹಾಗೆ ಮಾಡಿದೆ ಎಂದು ಅವನಿಗೆ ಸಮಾಧಾನವಾಯಿತು. ಸಂಜೆ ಆಫೀಸಿನಿಂದ ಹೊರಟವನು ನೇರ ಮನೆಗೆ ಹೋಗದೆ, ಎರಡು ಬೀದಿ ಆಚೆ 'ಕೋಣೆ ಬಾಡಿಗೆಗಿದೆ' ಎಂದು ಬೋರ್ಡು ಹಾಕಿದ್ದ ಕಡೆ ಹೋಗಿ ಕೇಳಿಕೊಂಡು ಬಂದ.

ಅದನ್ನು ಅಕ್ಕನಿಗೆ ಹೇಗೆ ಹೇಳುವುದು ಎಂದು ಅವನೂ ಮೂರು ದಿನ ಅಭ್ಯಾಸ ಮಾಡಿದ. ಮನಸ್ಸಿನೊಳಗೇ ಮಾಡಿದ.

ಗುರುವಾರ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ಭಾವ, ಒಂದು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ವಕೀಲ ಹೊರಗೆ ಬಂದ ಕೂಡಲೇ ಲಿಫ್ಟಿನ ಮೇಲೇ ಕೇಸು ಹಾಕುತ್ತೇನೆಂದ ಕಥೆ ಹೇಳುತ್ತಿದ್ದ. ಕಥೆ ಮುಗಿಯುವ ಮೊದಲೇ ಕಪಾಟಿನ ಮೇಲಿನ ಮೈನಾ, ಯಾರೂ ಕರೆಯದೇ, ಒಂದು ಸಣ್ಣ ಗಂಟೆ ಬಾರಿಸಿತು.

"ನಿಮಗಾಗಿ ಒಂದು ಸಲಹೆ. ಕಿಟಕಿಯ ಬಳಿ ಒಬ್ಬರೇ ಕೂರಲು ಆರಾಮದಾಯಕ ಕುರ್ಚಿಗಳು ಈಗ ಲಭ್ಯ. ಹಸಿರು ಬಣ್ಣದಲ್ಲೂ ದೊರೆಯುತ್ತವೆ."

"ಇದಕ್ಕೇನು ಬಂತೋ," ಎಂದ ಭಾವ. "ಕುರ್ಚಿ ಯಾರು ಕೇಳಿದ್ರು? ಇರೋ ಕುರ್ಚೀಲಿ ಕೂರೋಕೇ ಪುರುಸೊತ್ತಿಲ್ಲ."

ಅಕ್ಕನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಮೊದಲು ಯಂತ್ರದ ಕಡೆ ನೋಡಿದಳು, ಆಮೇಲೆ ತಮ್ಮನ ಕಡೆ.

"ಯಾರೂ ಕೇಳಲ್ಲ ಅಂದ್ಯಲ್ಲ?"

"ಮಿಷನ್ ಅಕ್ಕಾ ಅದು. ತಾನೇ ಏನೋ ಅಂದಾಜು ಮಾಡತ್ತೆ."

"ಹಸಿರು ಅಂತಾನೂ?"

"ಬಣ್ಣ ಎಲ್ಲಾ ಹೇಳತ್ತೆ."

ಇನ್ನೊಂದು ಪ್ರಶ್ನೆ ಬರುವ ಮೊದಲು ಅವನು ಮೂರು ದಿನದಿಂದ ಸಿದ್ಧಮಾಡಿಟ್ಟ ಮಾತನ್ನು ಹೇಳಿಬಿಟ್ಟ. ಹತ್ತಿರದಲ್ಲೇ ಒಂದು ರೂಮು ನೋಡಿದ್ದೇನೆ, ಆಫೀಸಿನ ವೇಳೆ ಬದಲಾಗುತ್ತದೆ, ನಿಮಗೂ ತೊಂದರೆ, ತಿಂಗಳ ಕೊನೆಗೆ ಹೋಗುತ್ತೇನೆ ಎಂದ. ಮಾತು ಅಭ್ಯಾಸ ಮಾಡಿದ ಹಾಗೇ ಬಂತು. ಎಲ್ಲೂ ತೊದಲಲಿಲ್ಲ.

"ಅಯ್ಯೋ ತತ್ತ್ವಜ್ಞಾನಿ," ಎಂದ ಭಾವ. ಅವನಿಗೆ ನಿಜವಾಗಿ ಬೇಜಾರಾಗಿತ್ತು. "ನನ್ನ ಲಿಫ್ಟ್ ಕಥೆ ಕೇಳೋಕೆ ಇನ್ಯಾರಿದಾರೋ ಈ ಮನೇಲಿ?"

ಅಕ್ಕ ಕೇಳಿದ್ದು ಒಂದೇ. "ಇದನ್ನ ಯಾವತ್ತು ನಿರ್ಧಾರ ಮಾಡ್ದೆ?"

ಇದಕ್ಕೆ ಅವನು ಅಭ್ಯಾಸ ಮಾಡಿರಲಿಲ್ಲ. "ಸೋಮವಾರ," ಎಂದ. ಬಾಯಿಗೆ ನಿಜವೇ ಬಂತು.

ಸೋಮವಾರ ಮಧ್ಯಾಹ್ನ ತಾನು ಕಪಾಟಿನ ಮುಂದೆ ನಿಂತು ಏನೇನು ಹೇಳಿದೆ ಎಂಬುದು ಅವಳಿಗೆ ಮರೆತಿರಲಿಕ್ಕಿಲ್ಲ. ಅವಳು ಅವನನ್ನೇ ನೋಡುತ್ತ ಕೂತಳು. ಅವನು ತಲೆ ತಗ್ಗಿಸಿ ಎಣಿಸಿದ. ಒಂಬತ್ತು ಸೆಕೆಂಡು. ಅಷ್ಟು ಕಾಲದ ಮೌನವನ್ನು ಆಫೀಸಿನಲ್ಲಾದರೆ ಅವನ ಹೊರತು ಯಾರೂ ಪೂರ್ತಿ ಕೇಳುವುದಿಲ್ಲ.

"ಸೋಮವಾರ," ಎಂದಳು ಅವಳು. ಎದ್ದು ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಹೊರಡುವ ದಿನ ಭಾವ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದ. ಆ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಇಳಿಯುವಷ್ಟೂ ಹೊತ್ತು ಅವನು ಅದನ್ನೇ ಬೈದ. ಅಕ್ಕ ಬಾಗಿಲ ಹತ್ತಿರ ನಿಂತು ಒಂದು ಚೀಲ ಕೊಟ್ಟಳು. ಒಳಗೆ ಇಸ್ತ್ರಿ ಮಾಡಿದ ನಾಲ್ಕು ಅಂಗಿ, ಅವುಗಳ ನಡುವೆ ವೈರು ಸುತ್ತಿಟ್ಟ ಮೈನಾ.

"ಇದು ನಿಮಗೆ ಅಂತ ತಂದಿದ್ದು ಅಕ್ಕಾ."

"ನಿಂದೇ ಅಲ್ವಾ," ಎಂದಳು ಅಕ್ಕ. ದನಿ ಮೆತ್ತಗಿತ್ತು, ತುಣುಕುಗಳಲ್ಲಿ ಇರುತ್ತಿದ್ದ ಹಾಗೆ. "ನಿನ್ ಹತ್ರಾನೇ ಇರ್ಲಿ. ಮಾತಾಡ್ಬೇಕು ಅನ್ನಿಸಿದ್ರೆ ನಾನು ನಿಂಗೇ ಹೇಳ್ತೀನಿ."

ಅವನು ಹೂಂ ಎಂದ.

ವಾರದ ಕೊನೆಗೆ ಪರದೆಯ ಮೇಲೆ ಒಂದು ಸೂಚನೆ ಬಂತು. ನಿಮಗೆ ಹಂಚಿದ ಒಂದು ದನಿ ನಿಂತುಹೋಗಿದೆ, ಕಾರಣ ತಿಳಿದಿದೆಯೇ? ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿಗಳಿದ್ದವು. ಹೌದು ಒತ್ತಿದರೆ ಅರ್ಜಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಇಲ್ಲ ಎಂಬುದನ್ನು ಒತ್ತಿದ. ರೇಡಿಯೋ ಈ ಕಡೆ ಬಗ್ಗಿ ನೋಡಿ, "ಯಾರೋ ಪಾಪ, ಬುದ್ಧಿವಂತರು," ಎಂದ.

ಈಗ ಅವನು ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಾನೆ. ಅವನಿದ್ದ ಕೋಣೆಯ ಬಾಗಿಲು ಹೆಚ್ಚಾಗಿ ಮುಚ್ಚಿರುತ್ತದೆ. ಒಮ್ಮೆ ಅರೆ ತೆರೆದಿದ್ದಾಗ ಕಿಟಕಿಯ ಬಳಿ ಹಸಿರು ಕುರ್ಚಿ ಕಂಡಿತು, ಅದರ ಬೆನ್ನು ಬಾಗಿಲ ಕಡೆಗಿತ್ತು. ಅಕ್ಕ ಆಸ್ಪತ್ರೆಯ ಸುದ್ದಿ ಹೇಳುತ್ತಾಳೆ, ಅವನು ಆಫೀಸಿನಲ್ಲಿ ವಿಶೇಷ ಏನಿಲ್ಲ ಎನ್ನುತ್ತಾನೆ. ಅವಳು ಒಮ್ಮೊಮ್ಮೆ ಮಾತು ನಿಲ್ಲಿಸಿ, ಅವನೇ ಏನಾದರೂ ಹೇಳಲಿ ಎನ್ನುವ ಹಾಗೆ ಕಾಯುತ್ತಾಳೆ.

ಆ ಮಾತುಗಳನ್ನು ಕೂತು ಕೇಳಿದವನು ತಾನೇ ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.